ಚರ್ಚಿನೊಳಕ್ಕೆ ಮರಳಿದ ಡೋಲು

ಮಿಜೋರಾಮದ ರಾಜಧಾನಿಯಾದ ಐಜ್ವಾಲ್ ಬೆಟ್ಟದ ಏಣಿನ ಮೇಲೆ ಹಬ್ಬಿಕೊಂಡಿರುವ ನಗರ. ಒಂದು ಮನೆಯ ಅಂಗಳವು ಇನ್ನೊಂದರ ಮಾಡಿಗೆ ಸಮನಾಗಿರುವಂತೆ ಅಲ್ಲಿಯ ವಸತಿಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಭಾನುವಾರ ಅಂಗಡಿಬೀದಿಗಳೆಲ್ಲ ಬಾಗಿಲು ಹಾಕಿರುತ್ತವೆ. ಆ ದಿನ ದೇವರಿಗೆ ಮೀಸಲು. ಆದ್ದರಿಂದ ವನವಿಹಾರಕ್ಕೆ ಹೊರಡುವವರು ಶನಿವಾರವನ್ನೋ ಬೇರೊಂದು ರಜಾದಿನವನ್ನೋ ಆರಿಸಿಕೊಳ್ಳಬೇಕು.

ಚಳಿಗಾಲದ ಅಂಥ ಬೆಳಗುಗಳಲ್ಲಿ ಬಡಾವಣೆಯ ಚರ್ಚಿನ ಬಳಿ ತರುಣ ತರುಣಿಯರು ನೆರೆಯುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳು, ಕಚೇರಿಯ ಗುಮಾಸ್ತರು, ಶಾಲೆಯ ಉಪಾಧ್ಯಾಯಿನಿಯರು, ಕೂಲಿ ಮಾಡುವವರು, ಎಲ್ಲರೂ ಆ ಗುಂಪಿನಲ್ಲಿರುತ್ತಾರೆ. ಹಂಡೆ, ಅಕ್ಕಿಯ ಮೂಟೆ, ಹಂದಿಮಾಂಸ, ವಾಲಿಬಾಲಿನ ಬಲೆ, ಗಿಟಾರು, ಇವೆಲ್ಲ ಗಾಡಿಯನ್ನೇರುತ್ತವೆ. ಊರಿನಿಂದ ಸುಮಾರು ೩೦ ಕಿಲೋಮೀಟರ್ ದೂರದ ರೇಯೆಕ್ ಬೆಟ್ಟವೋ, ಅದಕ್ಕಿಂತ ದೂರದ ತಾಮ್‌ದಿಲ್ ಸರೋವರವೋ ಅಂದಿನ ಗುರಿ. ಅಲ್ಲಿ ಸೌದೆ ಒಟ್ಟುವವರು ಕೆಲವರು, ಒಲೆ ಹೂಡುವವರು ಕೆಲವರು, ಚೆಂಡಿನ ಹಿಂದೆ ಓಡುವವರು ಹಲವರು. ಅಡಿಗೆ ಸಿದ್ಧವಾದೊಡನೆ ಗದ್ದಲ ತಾನೇ ಅಡಗುತ್ತದೆ. ಒಬ್ಬರು ಪ್ರಾರ್ಥಿಸುತ್ತಾರೆ, ಉಳಿದವರು ತಲೆಬಾಗುತ್ತಾರೆ. ಬಳಿಕ ಊಟ, ಹರಟೆ, ಹಾಡು. ಬಡಿಸುವವರು ಕಡೆಯಲ್ಲಿ ಉಣ್ಣುತ್ತಾರೆ. ಅದನ್ನು ಯಾರೂ ಹೇಳಿ ಮಾಡಿಸಬೇಕಾಗಿಲ್ಲ.

ಇವರು 'ಕ್ರಿಸ್ತಿಯಾನ್ ಥಲಾಯ್ ಪೋಲ್' ಎಂಬ ಸಂಘದ ಸದಸ್ಯರು. ಕ್ರೈಸ್ತ ತರುಣರ ಕೂಟ ಎಂದು ಅದರ ಅರ್ಥ. ಜನರ ಬಾಯಲ್ಲಿ ಅದು ಕೆ.ಟಿ.ಪಿ. ಮಿಜೋರಾಮದ ಪ್ರೆಸ್ಬಿಟೇರಿಯನ್ ಸಭೆಯ ಈ ಸಂಘ ೧೯೨೪ರಲ್ಲಿ ಹುಟ್ಟಿತು. ದಕ್ಷಿಣ ಭಾಗದಲ್ಲಿ ಪ್ರಬಲವಾಗಿರುವ ಬ್ಯಾಪ್ಟಿಸ್ಟ್ ಸಭೆಗೂ ಇಂಥದೇ ತರುಣಸಂಘವುಂಟು. ೨೦೧೧ರ ಜನಗಣತಿಯಂತೆ ಈ ರಾಜ್ಯದಲ್ಲಿ ನೂರಕ್ಕೆ ೮೭ ಮಂದಿ ಕ್ರೈಸ್ತರು. ಆದಕಾರಣ ಅಲ್ಲಿ ತರುಣಸಂಘವೆಂದರೆ ಯಾರೋ ನಾಲ್ವರು ಭಕ್ತರ ಗೋಷ್ಠಿಯಲ್ಲ. ಒಂದು ತಲೆಮಾರು ತನ್ನ ಹಿರಿಯರಿಂದ ಬಾಳುವೆಯನ್ನು ಕಲಿಯುವ ಪಾಠಶಾಲೆ. ಆದರೆ ಆ ಪಾಠವು ಬೈಬಲಿಗಿಂತ ಮೊದಲೇ ಆ ಬೆಟ್ಟಗಳಲ್ಲಿತ್ತು.

ಜೋಲ್‌ಬುಕ್ಕಿನ ದಿನಗಳು

ಹಿಂದೆ ಮಿಜೋ ಹಳ್ಳಿಗಳಲ್ಲಿ ಒಡೆಯನ ಮನೆಯ ಹತ್ತಿರ ಒಂದು ದೊಡ್ಡ ಬಿದಿರಿನ ಮನೆ ಇರುತ್ತಿತ್ತು. ಅದರ ಹೆಸರು ಜೋಲ್‌ಬುಕ್. ಊರಿನ ಅವಿವಾಹಿತ ತರುಣರೆಲ್ಲ ರಾತ್ರಿ ಮಲಗುತ್ತಿದ್ದುದು ಅಲ್ಲಿ. ಚಿಕ್ಕ ಹುಡುಗರು ಅದರ ಒಲೆಗೆ ಸೌದೆ ತರಬೇಕು. ದೊಡ್ಡವರು ಬೇಟೆಯ ಕಥೆ, ಕುಸ್ತಿ, ಹಾಡುಗಳೊಡನೆ ಅವರನ್ನು ತಿದ್ದಬೇಕು. ಶತ್ರುಗಳು ಬಂದರೆ, ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದರೆ, ನಡುರಾತ್ರಿ ಯಾರಿಗಾದರೂ ರೋಗ ಉಲ್ಬಣಿಸಿದರೆ ಮೊದಲು ಏಳುತ್ತಿದ್ದವರು ಜೋಲ್‌ಬುಕ್ಕಿನ ತರುಣರು.

ಅಲ್ಲಿ ಕಲಿಸುತ್ತಿದ್ದ ಧರ್ಮಕ್ಕೆ ಮಿಜೋ ಭಾಷೆಯಲ್ಲಿ 'ತ್ಲೋಮ್‌ಙಾಯ್‌ನಾ' ಎಂದು ಹೆಸರು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಈ ಮಾತಿನಲ್ಲಿ ಕೆಲಸ ಸಿಕ್ಕಿದೆ. ಆದರೆ ಇದನ್ನು ಕನ್ನಡಿಸುವುದು ಸುಲಭವಲ್ಲ. ಪರೋಪಕಾರವೆಂದರೆ ಅದರ ಅರ್ಧ. ದಾಕ್ಷಿಣ್ಯವೆಂದರೆ ಇನ್ನೊಂದು ಪಾಲು. ಕೇಳುವ ಮೊದಲೇ ನೆರವಾಗುವುದು, ನೆರವಾದುದನ್ನು ಆಡಿಕೊಳ್ಳದಿರುವುದು, ಸುಖಕ್ಕೆ ಹಿಂದಾಗಿ ಕಷ್ಟಕ್ಕೆ ಮುಂದಾಗುವುದು, ಇವೆಲ್ಲ ಕೂಡಿದ ಗುಣವದು. ರೇಯೆಕ್ ಬೆಟ್ಟದಲ್ಲಿ ಬಡಿಸಿ ಕೊನೆಗೆ ಉಣ್ಣುವ ತರುಣನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮೌನವಾದ ಡೋಲು

೧೮೯೪ನೆಯ ಇಸವಿ ಜನವರಿ ೧೧ರಂದು ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಆಂಗ್ಲ ಪಾದ್ರಿಗಳು ಈ ಬೆಟ್ಟಗಳಿಗೆ ಬಂದರು. ಬರವಣಿಗೆಯಿಲ್ಲದಿದ್ದ ಭಾಷೆಗೆ ಅವರು ರೋಮನ್ ಲಿಪಿಯನ್ನು ಅಳವಡಿಸಿದರು, ಶಾಲೆ ತೆರೆದರು, ಸುವಾರ್ತೆಗಳನ್ನು ಅನುವಾದಿಸತೊಡಗಿದರು. ೧೮೯೭ರಲ್ಲಿ ವೇಲ್ಸ್ ದೇಶದಿಂದ ಡಿ. ಇ. ಜೋನ್ಸ್ ಬಂದರು. ೧೮೯೯ರಲ್ಲಿ ಖುಮಾ ಮತ್ತು ಖಾರಾ ಎಂಬ ಇಬ್ಬರು ಮೊದಲಿಗರಾಗಿ ದೀಕ್ಷಾಸ್ನಾನ ಪಡೆದರು.

ಹೊಸ ಮತವು ಅಕ್ಷರವನ್ನು ತಂದಿತು. ಆದರೆ ಹಳೆಯದರಲ್ಲಿ ಹಲವನ್ನು ಹೊರಗೆ ನಿಲ್ಲಿಸಿತು. ಅಕ್ಕಿಯಿಂದ ಮಾಡುವ 'ಜೂ' ಎಂಬ ಮದ್ಯ ಹಳೆಯ ಹಬ್ಬಗಳ ಉಸಿರಾಗಿತ್ತು. ಜೂ ನಿಷಿದ್ಧವಾದಾಗ ಅದರೊಡನೆ ಬೆರೆತಿದ್ದ ಹಬ್ಬ, ಕುಣಿತ, ಹಳೆಯ ಹಾಡುಗಳೂ ಸಂಶಯಕ್ಕೀಡಾದವು. ಮರದ ದಿಮ್ಮಿಯನ್ನು ಕೊರೆದು ಎರಡು ಕಡೆಗೂ ತೊಗಲು ಬಿಗಿದ 'ಖುವಾಂಗ್' ಎಂಬ ಡೋಲು ಚರ್ಚಿನ ಹೊಸ್ತಿಲಿನಾಚೆಯೇ ಉಳಿಯಿತು. ಒಳಗೆ ವೇಲ್ಸಿನ ರಾಗಗಳು ನಡೆದುವು. ಡೋ, ರೇ, ಮೀ ಸ್ವರಗಳನ್ನು ಅಕ್ಷರಗಳಲ್ಲಿ ಬರೆದು ಹಾಡುವ ಕ್ರಮವನ್ನು ಜನ ಬೇಗ ಕಲಿತರು. ಆ ಸ್ವರಲಿಪಿಯನ್ನು ನೋಡಿ ಹಾಡುವ ಮೇಳಗಳು ಇಂದಿಗೂ ಅಲ್ಲಿವೆ. ಆದರೆ ಕಲಿತ ಹಾಡು ಬೇರೆ, ಹೃದಯದಿಂದ ಏಳುವ ಹಾಡು ಬೇರೆ. ೧೯೦೮ರ ಸುಮಾರಿಗೆ 'ಪೂಮಾ ಜಾಯ್' ಎಂಬ ಹಾಡಿನ ಅಲೆಯೊಂದು ಹೊಸ ಮತಕ್ಕೆ ಎದುರಾಗಿ ಹಳ್ಳಿಯಿಂದ ಹಳ್ಳಿಗೆ ಹರಿಯಿತು. ಜನ ತಮ್ಮ ರಾಗವನ್ನು ಮರೆತಿರಲಿಲ್ಲ.

ಡೋಲು ಮರಳಿತು

೧೯೧೯ರಲ್ಲಿ ಮಿಜೋ ಸಭೆಗಳಲ್ಲಿ ಭಕ್ತಿಯ ಒಂದು ದೊಡ್ಡ ಜಾಗೃತಿಯೆದ್ದಿತು. ಆ ಆವೇಶದಲ್ಲಿ ಪತೇಆ, ಕಾಮ್‌ಲಾಲಾ ಮೊದಲಾದ ಕವಿಗಳು ಮಿಜೋ ಭಾಷೆಯಲ್ಲಿ, ಮಿಜೋ ಕಿವಿಗೆ ಒಗ್ಗುವ ಧಾಟಿಯಲ್ಲಿ ಕ್ರಿಸ್ತನ ಕೀರ್ತನೆಗಳನ್ನು ರಚಿಸಿದರು. ಹೊಸ ಹಾಡಿಗೆ ಹಳೆಯ ತಾಳ ಬೇಕಾಯಿತು. ಹೊರಗಿದ್ದ ಖುವಾಂಗ್ ಮೆಲ್ಲಮೆಲ್ಲನೆ ಒಳಕ್ಕೆ ಬಂದಿತು. ಈ ಸಾಮೂಹಿಕ ಗಾನಕ್ಕೆ 'ಲೆಂಗ್‌ಖೋಮ್ ಜಾಯ್' ಎಂದು ಹೆಸರು. ಒಬ್ಬರು ಸಾಲನ್ನು ಮುಂಚಿತವಾಗಿ ಎತ್ತಿ ಹೇಳುತ್ತಾರೆ. ಸಭೆಯೆಲ್ಲ ಅದನ್ನು ಎಳೆದು ಹಾಡುತ್ತದೆ. ಡೋಲಿನವನು ನಡೆಯನ್ನು ಹಿಡಿದಿರುತ್ತಾನೆ. ನಮ್ಮ ಭಜನೆಯ ಮನೆಗಳನ್ನು ಕಂಡವರಿಗೆ ಇದು ಪರಕೀಯವೆನಿಸದು. ಭಾವ ಏರಿದಾಗ ಜನ ಎದ್ದು ಸುತ್ತುಗಟ್ಟಿ ಮೆಲ್ಲನೆ ಹೆಜ್ಜೆ ಹಾಕುವುದೂ ಉಂಟು.

ಇದಾದ ಐದು ವರ್ಷಕ್ಕೆ ಹುಟ್ಟಿದ್ದು ಕೆ.ಟಿ.ಪಿ. ಅದರ ಕಣ್ಣೆದುರಿನಲ್ಲೇ ಜೋಲ್‌ಬುಕ್ ಕ್ಷೀಣಿಸಿತು. ಶಾಲೆಗೆ ಹೋಗುವ ಮಕ್ಕಳಿಗೆ ಮನೆಯ ದೀಪ ಬೇಕಾಯಿತು. ದಾಳಿಗಳ ಕಾಲ ಮುಗಿದು ಕಾವಲಿನ ಅಗತ್ಯವೂ ತಪ್ಪಿತು. ೧೯೩೮ರಲ್ಲಿ ಜೋಲ್‌ಬುಕ್ ವ್ಯವಸ್ಥೆ ಅಧಿಕೃತವಾಗಿಯೇ ಕೊನೆಗೊಂಡಿತು. ಅದಕ್ಕೆ ಮೂರು ವರ್ಷ ಮೊದಲು, ೧೯೩೫ರ ಜೂನ್ ೧೫ರಂದು, ಇನ್ನೊಂದು ತರುಣಸಂಘ ಆರಂಭವಾಗಿತ್ತು. ೧೯೪೭ರಲ್ಲಿ 'ಯಂಗ್ ಮಿಜೋ ಅಸೋಸಿಯೇಷನ್' ಎಂಬ ಹೆಸರು ಪಡೆದ ಅದು ಊರಿನ ಸೇವೆಯನ್ನು ವಹಿಸಿಕೊಂಡಿತು. ಸಭೆಯ ಕೂಟ ಒಂದು, ಊರಿನ ಕೂಟ ಇನ್ನೊಂದು. ಎರಡರಲ್ಲಿಯೂ ದುಡಿಯುವ ಕೈಗಳು ಬಹುಮಟ್ಟಿಗೆ ಅವೇ.

ಜೋಲ್‌ಬುಕ್ಕಿನ ಗುಣ ಹೀಗೆ ಹೊಸ ಮನೆಯನ್ನು ಸೇರಿತು. ಆದರೆ ಹೊಸ ಮನೆ ಹಳೆಯದರ ಪಡಿಯಚ್ಚಲ್ಲ. ಜೋಲ್‌ಬುಕ್ಕಿನೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ತರುಣಸಭೆಯಲ್ಲಿ ಹೆಣ್ಣುಮಕ್ಕಳು ಹಾಡುತ್ತಾರೆ, ಪ್ರಾರ್ಥಿಸುತ್ತಾರೆ, ಲೆಕ್ಕವಿಡುತ್ತಾರೆ, ವಾಲಿಬಾಲಿನ ಬಲೆಯ ಬಳಿ ಗದ್ದಲವನ್ನೂ ಮಾಡುತ್ತಾರೆ. ಕಳೆದುಕೊಂಡುದನ್ನು ಎಣಿಸುವಾಗ ಗಳಿಸಿದುದನ್ನೂ ಎಣಿಸಬೇಕು.

ಸಾವಿನ ಮನೆ, ಹಿಡಿ ಅಕ್ಕಿ

ಸಂಘದ ನಿಜವಾದ ಪರೀಕ್ಷೆ ವನವಿಹಾರದಲ್ಲಿ ನಡೆಯುವುದಿಲ್ಲ, ಸಾವಿನ ಮನೆಯಲ್ಲಿ ನಡೆಯುತ್ತದೆ. ಬಡಾವಣೆಯಲ್ಲಿ ಒಬ್ಬರು ತೀರಿಕೊಂಡರೆ ತರುಣರು ಕರೆಗೆ ಕಾಯುವುದಿಲ್ಲ. ಗುದ್ದಲಿ ಹಿಡಿದು ಗೋರಿ ತೋಡುವವರು ಅವರು. ಬೆಂಚು ಹೊತ್ತು ತರುವವರು ಅವರು. ರಾತ್ರಿಯೆಲ್ಲ ದುಃಖಿತರೊಡನೆ ಕುಳಿತು ಡೋಲಿನ ಮೆಲುದನಿಗೆ ಹಾಡುವವರೂ ಅವರೇ. ಶ್ರೀಮಂತನ ಮನೆಯಾದರೂ ಬಡವನ ಮನೆಯಾದರೂ ಇದು ತಪ್ಪದು. ಕ್ರಿಸ್‌ಮಸ್ ಬಂದಾಗ ಅದೇ ತರುಣರು ಊರಿಗೆಲ್ಲ ಸೇರಿ ನಡೆಯುವ ದೊಡ್ಡ ಊಟಕ್ಕೆ ಹಂಡೆಗಳ ಮುಂದೆ ನಿಲ್ಲುತ್ತಾರೆ.

ತಾಯಂದಿರಿಂದ ಕಲಿತ ಇನ್ನೊಂದು ವ್ರತವೂ ಆ ಸಮಾಜದಲ್ಲಿದೆ. ಅಡಿಗೆಗೆ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಇಡುವುದೇ ಅದು. 'ಬುಹ್‌ಫಾಯ್ ಥಮ್' ಎಂಬ ಈ ಪದ್ಧತಿಯನ್ನು ೧೯೧೩ರಲ್ಲಿ ಸಭೆಯ ಸ್ತ್ರೀಯರು ಆರಂಭಿಸಿದರು. ಆಗ ಅವರ ಕೈಯಲ್ಲಿ ಹಣವಿರಲಿಲ್ಲ, ಅಕ್ಕಿಯ ಮಡಕೆಯಿತ್ತು. ಹಿಡಿ ಹಿಡಿಯಾಗಿ ಕೂಡಿದ ಆ ಅಕ್ಕಿ ಇಂದು ಸಭೆಯ ಆದಾಯದ ಒಂದು ದೊಡ್ಡ ಮೂಲ.

ಈ ಬಾಳುವೆಯಲ್ಲಿ ಎಲ್ಲವೂ ಸವಿಯೆಂದು ಹೇಳುವಂತಿಲ್ಲ. ಎಲ್ಲರೂ ಸೇರುವಲ್ಲಿ ಸೇರಲೊಲ್ಲದವನು ಒಂಟಿಯಾಗುತ್ತಾನೆ. ಹತ್ತು ಕಣ್ಣುಗಳ ಎದುರಿನಲ್ಲಿ ಬಾಳುವ ತರುಣನಿಗೆ ಆ ಕಣ್ಣುಗಳು ಆಸರೆಯೂ ಹೌದು, ಭಾರವೂ ಹೌದು. ಗಿಟಾರಿನ ಹೊಸ ಹಾಡನ್ನು ಕೇಳಿ ಮೂಗು ಮುರಿಯುವ ಹಿರಿಯರೂ ಇರುತ್ತಾರೆ. ಒಂದು ಕಾಲಕ್ಕೆ ಡೋಲೂ ಹೀಗೆಯೇ ಹೊರಗೆ ನಿಂತಿತ್ತೆಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ.

ಆದರೂ ಕಷ್ಟಕಾಲದಲ್ಲಿ ಈ ಬಂಧ ಹರಿಯಲಿಲ್ಲ. ೧೯೬೬ರಲ್ಲಿ ದಂಗೆಯೆದ್ದು, ಮಾರ್ಚಿಯಲ್ಲಿ ಐಜ್ವಾಲಿನ ಮೇಲೆ ಯುದ್ಧವಿಮಾನಗಳ ದಾಳಿ ನಡೆಯಿತು. ಮರುವರ್ಷದಿಂದ ಎಷ್ಟೋ ಹಳ್ಳಿಗಳನ್ನು ಎಬ್ಬಿಸಿ ಹೆದ್ದಾರಿಯ ಬದಿಗೆ ಒಟ್ಟುಗೂಡಿಸಲಾಯಿತು. ಮನೆ ಹೋಯಿತು, ಹೊಲ ಹೋಯಿತು. ಕೂಡಿ ಹಾಡುವುದು ಹೋಗಲಿಲ್ಲ. ಶಾಂತಿಗಾಗಿ ಚರ್ಚಿನ ಮುಖಂಡರು ಎರಡು ಕಡೆಗೂ ಓಡಾಡಿದರು. ೧೯೮೬ರ ಜೂನ್ ೩೦ರಂದು ಒಪ್ಪಂದವಾಯಿತು.

ನಮ್ಮ ನೆರೆಮನೆಯವರು

ಇಂದು ಓದಿಗೂ ಉದ್ಯೋಗಕ್ಕೂ ಬೆಟ್ಟವನ್ನಿಳಿದು ಬಂದ ಮಿಜೋ ತರುಣರು ಬೆಂಗಳೂರಿನಲ್ಲಿಯೂ ಇದ್ದಾರೆ. ಭಾನುವಾರ ತಮ್ಮ ನುಡಿಯಲ್ಲಿಯೇ ಆರಾಧನೆಗೆ ಸೇರುತ್ತಾರೆ. ೨೦೧೨ರ ಆಗಸ್ಟಿನಲ್ಲಿ ಸುಳ್ಳು ವದಂತಿಗಳಿಗೆ ಬೆದರಿ ಈಶಾನ್ಯದ ಸಾವಿರಾರು ಮಂದಿ ಈ ನಗರವನ್ನು ತೊರೆದು ವಿಶೇಷ ರೈಲುಗಳಲ್ಲಿ ಗುವಾಹಟಿಯ ಕಡೆಗೆ ಹೊರಟ ದೃಶ್ಯವನ್ನು ಬೆಂಗಳೂರಿಗರು ಮರೆತಿರಲಾರರು. ಪಕ್ಕದ ಮನೆಯವರ ಹೆಸರನ್ನೂ ಹಬ್ಬವನ್ನೂ ಅರಿಯದ ಊರಿನಲ್ಲಿ ವದಂತಿ ಬೇಗ ಬೇರೂರುತ್ತದೆ.

ದೂರದ ಊರಿನಲ್ಲಿ ಜ್ವರ ಬಂದು ಮಲಗಿದ ಮಿಜೋ ಹುಡುಗಿಯ ಕೋಣೆಗೆ ಗಂಜಿ ಹೊತ್ತು ಬರುವವರು ಅವಳ ಸಭೆಯ ಗೆಳತಿಯರು. ಜೋಲ್‌ಬುಕ್ಕಿನ ಬಿದಿರುಮನೆಯನ್ನು ಅವರಾರೂ ಕಂಡವರಲ್ಲ. ಅದರ ಒಲೆ ಆರಿ ಎಷ್ಟೋ ವರ್ಷಗಳಾದುವು. ಕೆಂಡ ಮಾತ್ರ ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ. ಆ ಗಂಜಿಯನ್ನು ನೆರೆಮನೆಯ ಕನ್ನಡದ ತಾಯಿಯೊಬ್ಬಳು ಮೊದಲೇ ಕಳುಹಿಸಿಕೊಟ್ಟಿದ್ದರೆ, ತ್ಲೋಮ್‌ಙಾಯ್‌ನಾ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥ ಹುಡುಕುವ ಶ್ರಮ ತಪ್ಪುತ್ತದೆ.