ಗೋಕಾಕ ಪ್ರಾಂತದ ಅಡ್ಡಹೆಸರುಗಳು: ನಿವಾಸವೋ ಅಭಿಜನವೋ?

ಮನೆತನದ ಹೆಸರಿಗೆ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೆಂಬ ವ್ಯವಹಾರವುಂಟು. ಕುಲಕರ್ಣಿ, ದೇಸಾಯಿ, ಪಾಟೀಲ ಎಂಬಿವು ಅಧಿಕಾರದಿಂದ ಬಂದವು; ಗೋಕಾಕ, ಹುಕ್ಕೇರಿ, ಬೆಟಗೇರಿ ಎಂಬಿವು ಊರಿನಿಂದ ಬಂದವು. ಈ ಎರಡನೆಯ ವರ್ಗದ ಹೆಸರನ್ನು ಕೇಳಿದೊಡನೆ, ಅದನ್ನು ಧರಿಸಿದವನು ಆ ಊರಿನಲ್ಲಿಯೇ ಹುಟ್ಟಿದವನೆಂದು ತಿಳಿಯುವುದು ಲೋಕರೂಢಿ. ಇದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಣೀಯವಾಗಿದೆ.

ವ್ಯಾಕರಣಶಾಸ್ತ್ರದಲ್ಲಿ ಇದಕ್ಕೆ ಉಪಯುಕ್ತವಾದ ಭೇದವೊಂದಿದೆ. ಸ್ಥಳದ ಹೆಸರಿನಿಂದ ಮನುಷ್ಯನ ಹೆಸರನ್ನು ಸಾಧಿಸುವಲ್ಲಿ ಪಾಣಿನಿಯು ನಿವಾಸ, ಅಭಿಜನ ಎಂಬ ಅರ್ಥಗಳನ್ನು ಬೇರೆಬೇರೆಯಾಗಿ ವಿಧಿಸಿರುವನು. ತಾನು ವಾಸಿಸುವ ಸ್ಥಳವು ನಿವಾಸ. ಪೂರ್ವಿಕರು ವಾಸಿಸಿದ ಸ್ಥಳವು ಅಭಿಜನ. ಊರಿನ ಅಡ್ಡಹೆಸರು ಅಭಿಜನಸೂಚಕವೇ ಹೊರತು ನಿವಾಸಸೂಚಕವಲ್ಲ.

ಉದಾಹರಣೆಗೆ, ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ್ದು ಸವಣೂರಿನಲ್ಲಿ. ಗಾಯಕ ಹುಕ್ಕೇರಿ ಬಾಳಪ್ಪನವರು 1911ರಲ್ಲಿ ಜನಿಸಿದ್ದು ಮುರಗೋಡದಲ್ಲಿ. ಬೆಟಗೇರಿ ಕೃಷ್ಣಶರ್ಮರಾದರೋ 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿಯೇ ಜನಿಸಿದರು. ಆದರೆ ಆ ಹೆಸರು ಪ್ರಸಿದ್ಧವಾದುದು ಧಾರವಾಡದಲ್ಲಿ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಗೋಕಾಕದೊಳಗೆ ಎಲ್ಲರೂ ಗೋಕಾಕದವರೇ ಆದುದರಿಂದ ಆ ಹೆಸರು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲಾರದು. ಊರು ಬಿಟ್ಟವನಿಗೆ ಮಾತ್ರ ಅದು ಗುರುತಾಗುವುದು. ಘಟಪ್ರಭೆಯು ಸುಮಾರು 170 ಅಡಿ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1887ರಲ್ಲಿ ನೂಲಿನ ಗಿರಣಿಯು ಆರಂಭವಾಯಿತು. ಇಂತಹ ದುಡಿಮೆಯ ನೆಲೆಗಳಲ್ಲಿ ನಿವಾಸವು ಎಲ್ಲರಿಗೂ ಒಂದೇ; ಬಂದ ಊರನ್ನು ಹೇಳುವುದಕ್ಕೆ ಅಡ್ಡಹೆಸರೇ ಬೇಕು. ಇಟಲಿ ದೇಶದಲ್ಲಿಯೂ ಜೆನೋವಾ ನಗರವನ್ನು ಬಿಟ್ಟು ಬಂದವನು ಅನ್ಯತ್ರ ಜೆನೋವೇಸೆ ಎನಿಸಿದನು. ಕಾಲಕ್ರಮದಲ್ಲಿ ಅದೇ ವಂಶನಾಮವಾಗಿ ನಿಂತಿತು.

ಆದರೂ ಕೇವಲ ಹೆಸರನ್ನು ನಂಬಿ ನಿರ್ಣಯಿಸತಕ್ಕದ್ದಲ್ಲ. ಗದುಗಿನ ಬಳಿಯಲ್ಲಿಯೂ ಬೆಟಗೇರಿಯೊಂದಿದೆ. ಅದರಿಂದ ಬಂದ ಬೆಟಗೇರಿಯವರೂ ಇರಬಹುದು. ರೂಪಭೇದವೂ ಗಮನಾರ್ಹ. 1047ರ ಶಾಸನದಲ್ಲಿ ‘ಗೋಕಗೆ’ ಎಂದಿರುವ ಊರು ಜನರ ಬಾಯಲ್ಲಿ ಗೋಕಾವಿ, ಕಾಗದಪತ್ರಗಳಲ್ಲಿ ಗೋಕಾಕ. ಆದಕಾರಣ ಗೋಕಾವಿ, ಗೋಕಾಕ ಎಂಬ ಎರಡು ಅಡ್ಡಹೆಸರುಗಳಿಗೂ ಮೂಲವು ಒಂದೇ ಊರು. ಮನೆದೇವರು, ವೃತ್ತಿಭೂಮಿ, ಹಿರಿಯರ ಹೇಳಿಕೆ ಇವು ಕೂಡಿಬಂದಲ್ಲಿ ಮಾತ್ರ ನಿರ್ಣಯವು ದೃಢವಾಗುವುದು.

ಅರಸುಮನೆತನಗಳಿಗೆ ಶಾಸನಗಳುಂಟು. ಒಕ್ಕಲಿಗ, ನೇಕಾರ, ಗಿರಣಿಯ ಕೂಲಿಕಾರ ಇವರ ಪೂರ್ವಿಕರ ವಲಸೆಗೆ ಉಳಿದಿರುವ ಬರಹವು ಅನೇಕವೇಳೆ ಅಡ್ಡಹೆಸರೊಂದೇ. ಅದನ್ನು ಒಂದೇ ಅಕ್ಷರಕ್ಕೆ ಮೊಟಕುಗೊಳಿಸಿದರೆ, ಇಲ್ಲವೆ ಕೈಬಿಟ್ಟರೆ, ಆ ಕುಲದ ಏಕೈಕ ಶಾಸನವನ್ನು ಅಳಿಸಿದಂತಾಗುವುದು.