ಪರೀಕ್ಷೆಯ ದಿನದ ಹೊಟ್ಟೆನೋವು

ಉದ್ಯಮಬಾಗದ ಫೌಂಡ್ರಿ ಕಾರ್ಮಿಕರೊಬ್ಬರು ಏಳನೆಯ ತರಗತಿಯ ಮಗಳನ್ನು ನಮ್ಮಲ್ಲಿಗೆ ಕರೆತಂದಿದ್ದರು. ಕಿರುಪರೀಕ್ಷೆಯ ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ರವಿವಾರ ಏನೂ ಇಲ್ಲ. ‘ಎಲ್ಲಾ ನಾಟಕ ಐತ್ರಿ ಡಾಕ್ಟ್ರೇ, ನೆನಪಿನ ಶಕ್ತಿಗೆ ಒಂದ್ ಟಾನಿಕ್ ಕೊಡ್ರಿ’ ಎಂದರು ತಂದೆ.

ಪರೀಕ್ಷಿಸಿದೆವು, ರೋಗವೇನೂ ಕಾಣಲಿಲ್ಲ. ಆದರೆ ನೋವು ಸುಳ್ಳಾಗಿರಲಿಲ್ಲ. ಭಯ, ಚಿಂತೆಗಳಿಂದ ವಾತವು ಕೆರಳುತ್ತದೆ, ಜಠರಾಗ್ನಿ ಕುಂದುತ್ತದೆ ಎನ್ನುತ್ತದೆ ಆಯುರ್ವೇದ. ಭಯದಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ತಗ್ಗುತ್ತದೆ ಎಂದು ಆಧುನಿಕ ವೈದ್ಯಶಾಸ್ತ್ರವೂ ಹೇಳುತ್ತದೆ.

ತಂದೆಯನ್ನು ಹೊರಗೆ ಕೂರಿಸಿ ಕೇಳಿದಾಗ ಬಾಲಕಿ ಮೆಲ್ಲನೆ ಹೇಳಿದಳು: ‘ಮಾರ್ಕ್ಸ್ ಕಡಿಮಿ ಬಂದ್ರ ಅಪ್ಪಾ ಮಾತಾಡಂಗಿಲ್ರಿ.’ ಅವಳು ಅಂಜಿದ್ದು ಪ್ರಶ್ನೆಪತ್ರಿಕೆಗಿಂತ ಹೆಚ್ಚಾಗಿ ಮನೆಯ ಮೌನಕ್ಕೆ. ‘ಓದದಿದ್ದರೆ ನನ್ನಂತೆ ಭಟ್ಟಿಯ ಮುಂದೆ ನಿಲ್ಲುವೆ’ ಎಂಬ ಮಾತೂ ಆ ಮನೆಯಲ್ಲಿ ನಿತ್ಯದ್ದಾಗಿತ್ತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಪರಂಪರೆಯವರಾದ ನಾವು, ನಮ್ಮ ಕಾಯಕವನ್ನೇ ಮಕ್ಕಳಿಗೆ ಶಿಕ್ಷೆಯೆಂದು ತೋರಿಸುವುದು ಸಲ್ಲದು.

ಟಾನಿಕ್ ಬರೆಯಲಿಲ್ಲ, ತಂದೆಗೆ ನಾಲ್ಕು ಮಾತು ಹೇಳಿದೆವು. ‘ಎಷ್ಟು ಬಂತು?’ ಎನ್ನುವ ಮೊದಲು ‘ಯಾವುದು ಕಠಿಣವೆನಿಸಿತು?’ ಎಂದು ಕೇಳಿರಿ. ಪಾಠ ಓದಿದ ಬಳಿಕ ಪುಸ್ತಕ ಮುಚ್ಚಿಸಿ, ನೆನಪಿನಿಂದ ನಿಮಗೆ ಹೇಳಲು ಬಿಡಿರಿ. ಮರೆತದ್ದು ಮನೆಯಲ್ಲೇ ತಿಳಿದರೆ ಅಂಜಿಕೆ ಇಳಿಯುತ್ತದೆ. ಚರಕರು ದೇಹದ ಮೂರು ಆಧಾರಗಳಲ್ಲಿ ನಿದ್ರೆಯನ್ನೂ ಎಣಿಸಿದ್ದಾರೆ. ಹನ್ನೆರಡರವರೆಗಿನ ಮಕ್ಕಳಿಗೆ 9 ಗಂಟೆಯಾದರೂ, ಹದಿಹರೆಯದವರಿಗೆ 8 ಗಂಟೆಯಾದರೂ ನಿದ್ರೆ ಬೇಕು. ಪರೀಕ್ಷೆಯ ಬೆಳಿಗ್ಗೆ ಬಿಸಿಯಾದ ಲಘು ಆಹಾರ ಕೊಡಿರಿ. ಹೊಸ ಔಷಧ ಬೇಡ.

ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶವನ್ನು ನಮ್ಮ ರಾಜ್ಯವು 2024ರಲ್ಲಿ ತಂದಿತು. ಸರಕಾರವೇ ಮರುಪ್ರಯತ್ನಕ್ಕೆ ಎಡೆಯಿತ್ತಿರುವಾಗ, ಮನೆಯವರು ಒಂದು ಕಿರುಪರೀಕ್ಷೆಗೆ ಮುನಿಯುವುದೇಕೆ?

ರಜೆಯಲ್ಲೂ ನೋವು ಬಂದರೆ, ಜ್ವರವಿದ್ದರೆ, ತೂಕ ಇಳಿದರೆ, ನೋವಿನಿಂದ ರಾತ್ರಿ ಎಚ್ಚರವಾದರೆ ವೈದ್ಯರಲ್ಲಿಗೆ ಒಯ್ಯಿರಿ. ಮಗು ಮಂಕಾಗಿ ಊಟ, ಆಟ ಬಿಟ್ಟರೆ, ಬದುಕು ಬೇಡವೆಂದರೆ ಒಂದು ದಿನವೂ ತಡೆಯಬೇಡಿರಿ. ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು.

ಕೆಲವು ವಾರಗಳ ನಂತರ ಆ ತಂದೆ ತಮ್ಮ ಬೆನ್ನುನೋವಿಗೆಂದು ಬಂದರು. ಮಗಳ ವಿಚಾರ ಕೇಳಿದೆವು. ‘ಮಾರ್ಕ್ಸ್ ಅಷ್ಟರಾಗ ಅದಾವ್ರಿ’ ಎಂದು ನಕ್ಕರು, ‘ಆದ್ರ ಪರೀಕ್ಷಾ ದಿನಾನೂ ರೊಟ್ಟಿ ತಿಂದು ಹೋಗ್ತಾಳ್ರಿ.’