ತೃಪ್ತಿ, ಬುಭುಕ್ಷೆ ಮತ್ತು ಸೆರೊಟೋನಿನ್ ಗ್ರಾಹಕಗಳು

ಉಂಡವನಿಗೆ ಸಾಕೆಂಬ ಬುದ್ಧಿಯು ಎಲ್ಲಿಂದ ಹುಟ್ಟುವುದು? ಹೊಟ್ಟೆ ತುಂಬಿದುದೇ ಕಾರಣವೆಂಬುದು ಲೋಕರೂಢಿಯ ಮಾತು. ಜಠರದಿಂದಲೂ ಕರುಳಿನಿಂದಲೂ ಹೊರಟ ಸಮಾಚಾರವು ಮಿದುಳನ್ನು ಸೇರಿ, ಅಲ್ಲಿ ಅರ್ಥಗ್ರಹಣವಾಗುವವರೆಗೆ ತೃಪ್ತಿಯುಂಟಾಗದು. ಈ ವ್ಯಾಪಾರದಲ್ಲಿ ಸೆರೊಟೋನಿನ್ ಎಂಬ ದ್ರವ್ಯಕ್ಕಿರುವ ಪಾತ್ರವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ರಕ್ತದ ತಿಳಿಯಲ್ಲಿದ್ದು ರಕ್ತನಾಳಗಳನ್ನು ಬಿಗಿಗೊಳಿಸುವುದೆಂಬ ಅರ್ಥದಲ್ಲಿ ಈ ಹೆಸರು ಹುಟ್ಟಿತು. ೧೯೪೮ರಲ್ಲಿ ಅಮೆರಿಕದ ರಾಪೋರ್ಟ್, ಗ್ರೀನ್, ಪೇಜ್ ಎಂಬ ವಿದ್ವಾಂಸರು ಇದನ್ನು ಬೇರ್ಪಡಿಸಿದರು. ಹೆಸರು ರಕ್ತವನ್ನು ಹೇಳಿದರೂ ಶರೀರದಲ್ಲಿರುವುದರ ನೂರಕ್ಕೆ ಸುಮಾರು ೯೦ ಪಾಲು ಇರುವುದು ಕರುಳಿನಲ್ಲಿ. ರೂಢಿಯು ಯೋಗಾರ್ಥವನ್ನು ಮೀರುವುದಕ್ಕೆ ಇದೂ ಒಂದು ಉದಾಹರಣೆ. ಮಿದುಳಿನಲ್ಲಿಯೂ ಇದು ಉಂಟೆಂದು ೧೯೫೩ರಲ್ಲಿ ಟ್ವಾರಾಗ್ ಮತ್ತು ಪೇಜ್ ತೋರಿಸಿದರು. ಕರುಳಿನದು ಮಿದುಳಿಗೆ ಹೋಗಲಾರದು. ಮಿದುಳ ಕಾಂಡದಲ್ಲಿರುವ ಕೆಲವು ನರಕೋಶಗಳು ಆಹಾರದಿಂದ ಬಂದ ಟ್ರಿಪ್ಟೋಫಾನನ್ನು ಬಳಸಿ ಬೇಕಾದುದನ್ನು ತಾವೇ ಮಾಡಿಕೊಳ್ಳುವುವು.

ದ್ರವ್ಯವೊಂದೇ ಆದರೂ ಅದನ್ನು ಹಿಡಿಯುವ ಗ್ರಾಹಕಗಳು ಏಳು ಕುಲಗಳಾಗಿ ಸುಮಾರು ೧೪ ಬಗೆಯಾಗಿವೆ. ಗ್ರಾಹಕವೆಂದರೆ ಇಲ್ಲಿ ಅಂಗಡಿಗೆ ಬರುವವನಲ್ಲ. ಗ್ರಹಿಸುವುದು ಎಂಬ ಮೂಲಾರ್ಥವನ್ನೇ ವಾಚಕರು ಹಿಡಿಯತಕ್ಕದ್ದು. ಫಲವು ದ್ರವ್ಯಕ್ಕಿಂತ ಹೆಚ್ಚಾಗಿ ಗ್ರಾಹಕವನ್ನೂ ಅದರ ಸ್ಥಾನವನ್ನೂ ಅನುಸರಿಸುವುದು. ಹೈಪೋಥಲಾಮಸ್ ಎಂಬ ಭಾಗದಲ್ಲಿ '೨ಸಿ' ಗ್ರಾಹಕವು ತೃಪ್ತಿಯನ್ನುಂಟುಮಾಡುವ ನರಕೋಶಗಳನ್ನು ಪ್ರಚೋದಿಸುವುದು. '೧ಬಿ'ಯು ಹಸಿವನ್ನು ಕೆರಳಿಸುವ ಕೋಶಗಳನ್ನು ಅಡಗಿಸುವುದು. '೧ಎ'ಯಾದರೋ ಸೆರೊಟೋನಿನ್ನನ್ನು ಮಾಡುವ ಕೋಶಗಳ ಮೇಲೆಯೇ ಇದ್ದು ಅವುಗಳ ಕೆಲಸಕ್ಕೆ ತಡೆಯಾಗುವುದು. ಆದುದರಿಂದ ಅದನ್ನು ಪ್ರಚೋದಿಸುವ ಔಷಧವನ್ನು ಕೊಟ್ಟರೆ ಹೊಟ್ಟೆ ತುಂಬಿದ ಇಲಿಯೂ ಮತ್ತೆ ತಿನ್ನತೊಡಗುವುದು! '೨ಸಿ' ಇಲ್ಲದಂತೆ ಹುಟ್ಟಿಸಿದ ಸುಂಡಿಲಿಗಳು ಅತಿಯಾಗಿ ತಿಂದು ಕೊಬ್ಬಿದುದು ೧೯೯೫ರಲ್ಲಿ ಪ್ರಕಟವಾಯಿತು. ಅವುಗಳಿಗೆ ಅಪಸ್ಮಾರವೂ ಬಂದಿತು.

ಇಲ್ಲಿ ಒಂದು ಶಬ್ದವಿವೇಕವು ಅವಶ್ಯವಾಗಿದೆ. ಕ್ಷುಧೆ, ಬುಭುಕ್ಷೆಗಳನ್ನು ನಾವು ಪರ್ಯಾಯಗಳಾಗಿ ಬಳಸುವೆವು. ಆದರೆ ಬುಭುಕ್ಷೆಯು ಸನ್ನಂತ ರೂಪ. ಉಣ್ಣಬೇಕೆಂಬ ಇಚ್ಛೆಯೆಂದೇ ಅದರ ಅರ್ಥ. ಪ್ರಯೋಗಶಾಲೆಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯುವರು. ಎಷ್ಟು ತಿಂದಿತೆಂಬುದು ಒಂದು ಲೆಕ್ಕ. ಇನ್ನೊಂದು ಹೇಗೆಂದರೆ: ಇಲಿಯು ಸನ್ನೆಯನ್ನು ಒತ್ತಿದರೆ ಒಂದು ತುಣುಕು ಆಹಾರ ಬೀಳುವುದು, ಒಂದೊಂದು ತುಣುಕಿಗೂ ಒತ್ತಬೇಕಾದ ಸಂಖ್ಯೆಯನ್ನು ಏರಿಸುತ್ತ ಹೋಗುವರು. ಇಲಿಯು ಎಲ್ಲಿ ಕೈಬಿಡುವುದೋ ಅದೇ ಇಚ್ಛೆಯ ಅಳತೆ. '೨ಸಿ'ಯನ್ನು ಪ್ರಚೋದಿಸಿದಾಗ ಇಲಿಯು ಬೇಗನೆ ಕೈಬಿಡುವುದು. ನಡುಮಿದುಳಿನಲ್ಲಿ ಪ್ರಯತ್ನಕ್ಕೆ ಪ್ರೇರಕವಾದ ಡೋಪಮಿನ್ ವ್ಯಾಪಾರವನ್ನು ಆ ಗ್ರಾಹಕವು ತಗ್ಗಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ತಜ್ಞರ ಅಭಿಪ್ರಾಯ. ಕ್ಷುಧೆಯೊಡನೆ ಬುಭುಕ್ಷೆಯೂ ತಗ್ಗಿತೆಂದು ಹೇಳಿದರೆ ಶಬ್ದಕ್ಕೂ ವಸ್ತುವಿಗೂ ನ್ಯಾಯವಾಗುವುದು.

ಗ್ರಾಹಕಭೇದವು ಬರಿಯ ಪಂಡಿತರ ವಿಚಾರವಲ್ಲ. ಅಮೆರಿಕದಲ್ಲಿ ೧೯೭೩ರಿಂದ ಬೊಜ್ಜು ಕರಗಿಸಲು ಕೊಡುತ್ತಿದ್ದ ಫೆನ್‌ಫ್ಲೂರಮಿನ್ ಎಂಬ ಔಷಧವು ಹಸಿವನ್ನೇನೋ ಅಡಗಿಸಿತು. ಆದರೆ ಹೃದಯದ ಕವಾಟಗಳಲ್ಲಿರುವ '೨ಬಿ' ಗ್ರಾಹಕವನ್ನೂ ಮುಟ್ಟಿ ಅವುಗಳನ್ನು ದಪ್ಪಗೆಡಿಸಿತು. ೧೯೯೭ರಲ್ಲಿ ಅದನ್ನು ಹಿಂತೆಗೆದರು. '೨ಸಿ'ಯೊಂದನ್ನೇ ಗುರಿಯಾಗಿಟ್ಟು ರಚಿಸಿದ ಲಾರ್ಕಸೆರಿನ್ನಿಗೆ ೨೦೧೨ರಲ್ಲಿ ಅನುಮತಿ ದೊರೆಯಿತು. ಅರ್ಬುದದ ಶಂಕೆಯಿಂದ ೨೦೨೦ರಲ್ಲಿ ಅದೂ ಮರೆಯಾಯಿತು. ಅದೇ ವರ್ಷ ಫೆನ್‌ಫ್ಲೂರಮಿನ್ ಮಾತ್ರ ಅಲ್ಪ ಪ್ರಮಾಣದಲ್ಲಿ, ಹೃದಯಪರೀಕ್ಷೆಯ ನಿರ್ಬಂಧದೊಡನೆ, ಡ್ರಾವೆ ಎಂಬ ಬಾಲ್ಯದ ಅಪಸ್ಮಾರಕ್ಕೆ ಔಷಧವಾಗಿ ಪುನಃ ಅಂಗೀಕೃತವಾಯಿತು.